ಎಡಗೆನ್ನೆಯ ಅಹವಾಲು

ಜೂನ್ 3, ಮಂಗಳವಾರ – ಬೆಳಿಗ್ಗೆ 6.40

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಹಿಂದಿನ ಬಾಗಿಲನ್ನೇ ನೋಡುತ್ತಿರುವ ಸಾಹಿತ್ಯಾಭಿಮಾನಿಗಳೇ, ಕೊನೆಗೆ ಕಾಫಿ ಇದೆಯೆಂದು ಯಾರೋ ಹೇಳಿದ್ದನ್ನು ನಂಬಿ ಬಂದಿರುವ ಮಹಾಜನಗಳೇ, ಇಂದಿನ ಉಪನ್ಯಾಸದ ವಿಷಯ – ನನ್ನ ಎಡಗೆನ್ನೆ.

ಗಡ್ಡ ಅರ್ಧ ಆಗಿದೆ. ಬಲಗಡೆ ಬ್ಲೇಡು ಸಲೀಸಾಗಿ ಹೋಯಿತು. ಎಡಗಡೆ ಇಟ್ಟ ಕೂಡಲೇ ಚುರ್ರೆಂದಿತು. ನೊರೆ ತೊಳೆದೆ – ಉರಿ. ಬರೀ ತಣ್ಣೀರು ಎರಚಿಕೊಂಡೆ – ಅದೂ ಉರಿ. ನೀರು ಉರಿಯುವುದೆಂದರೇನು? ಪಂಚಭೂತಗಳೂ ಪಕ್ಷಾಂತರ ಶುರು ಮಾಡಿದವೇ? ಟವೆಲ್ ಹೆಗಲಿಗೆ ಹಾಕಿಕೊಂಡು, ಅರ್ಧ ಗಡ್ಡದಲ್ಲೇ ಬರೆಯಲು ಕೂತಿದ್ದೇನೆ.

ಒಂದೇ ತಲೆ, ಒಂದೇ ದಿಂಬು, ಒಂದೇ ಬಿಸಿಲು. ಬಲಕ್ಕೆ ಏನೂ ಇಲ್ಲ.

ಎಡದಲ್ಲಿ ಬೆಂಕಿ, ಬಲದಲ್ಲಿ ಬೆಣ್ಣೆ;
ನಡುವಿನ ಮೂಗಿಗೆ ಸಾಕ್ಷಿಯು ಕಣ್ಣೇ.

ಎರಡನೇ ಸಾಲಿಗೆ ಅರ್ಥ ಕಮ್ಮಿ. ಇರಲಿ, ಪ್ರಾಸ ಬಂತಲ್ಲ. ಅರ್ಥ ಹಿಂದಿನ ಬಸ್ಸಿಗೆ ಬರುತ್ತದೆ.

ಅವಳಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಹೇಳಿದರೆ ಸಂಜೆಯದು ನಿಂತುಹೋದರೆ?

ಅದೇ ದಿನ – ಸಂಜೆ 7.50

ಸಂಜೆಯದು ಅಂದರೆ ಇದು. ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿಯ ಬ್ಯೂಟಿ ಪಾರ್ಲರ್. ಕೊನೆಯ ಗಿರಾಕಿ ಹೋದ ಮೇಲೆ ಅವಳು ಪರದೆ ಎಳೆದು, ಹಿಂದಕ್ಕೆ ವಾಲುವ ಆ ಕಪ್ಪು ಕುರ್ಚಿಯಲ್ಲಿ ನನ್ನನ್ನು ಕೂರಿಸುತ್ತಾಳೆ. ಒಂದು ತಿಂಗಳಿಂದ ದಿನಾ. ಅದಕ್ಕೆ ಮುಂಚೆ ಎಷ್ಟೋ ವರ್ಷ ಅವಳ ಕೈ ನನ್ನ ಮುಖಕ್ಕೆ ತಾಗುತ್ತಿದ್ದುದು ಜ್ವರ ಇದೆಯೇ ಎಂದು ನೋಡಲು ಮಾತ್ರ. ಜ್ವರ ನನಗೆ ಬರುವುದು ಅಪರೂಪ.

"ರೀ, ಕಣ್ಣು ಮುಚ್ಕೊಳ್ಳಿ."

"ಏನಿದು, ಹುಳಿ ವಾಸನೆ?"

"ಹಣ್ಣಿನ ಸತ್ವ. ಮಾತಾಡ್ಬೇಡಿ, ಬಾಯಿಗೆ ಹೋಗುತ್ತೆ."

"ನನಗ್ಯಾಕೆ ಇಷ್ಟು ಸೇವೆ? ನಾನೇನು ಮದುಮಗನಾ?"

"ದಿನಾ ಹತ್ತಾರು ಜನರ ಮೂಗಿಗೆ ಮೂಗು ತಾಗಿಸಿ ಕೂರೋರು ನೀವು. ಸ್ವಲ್ಪ ಚೆನ್ನಾಗಿ ಕಾಣ್ಬಾರ್ದಾ?"

ಹತ್ತಿಯ ಉಂಡೆ ಎರಡು. ಎಡಕ್ಕೊಂದು, ಬಲಕ್ಕೊಂದು. ಬಾಟಲಿಯೂ ಬೇರೆ ಬೇರೆ. ಎಷ್ಟು ಶುಚಿಯಾದ ಕೆಲಸ! ಒಂದು ಕೆನ್ನೆಯ ಕೊಳೆ ಇನ್ನೊಂದಕ್ಕೆ ತಾಗಬಾರದಂತೆ. ಕಣ್ಣು ಮುಚ್ಚಿದ್ದೆ. ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದು ಶುರುವಾಗುತ್ತಿರಲಿಲ್ಲ. ಅವಳ ಬೆರಳು ಹಣೆಯಿಂದ ಗಲ್ಲಕ್ಕೆ ಇಳಿಯಿತು. ಉರಿಯಿತು. ಉರಿಯಲಿ ಬಿಡು ಎಂದುಕೊಂಡೆ.

ಜೂನ್ 9, ಸೋಮವಾರ – ಮಧ್ಯಾಹ್ನ, ಅಂಗಡಿಯಲ್ಲಿ

ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವನಿಗೆ ಮುಖ ಬಚ್ಚಿಡಲು ಜಾಗವಿಲ್ಲ. ನಾಲ್ಕೂ ಗೋಡೆಗೆ ಕನ್ನಡಿ. ಎಲ್ಲ ಕನ್ನಡಿಯಲ್ಲೂ ನಾನು, ಎಲ್ಲ ನನಗೂ ಒಂದೊಂದು ಕೆಂಪು ಕೆನ್ನೆ.

ಎಡಗಡೆ ಮಾತ್ರ ಯಾಕೆ? ಸಂಶೋಧನೆ ಮಾಡಿದೆ. ಒಂದು – ಕಿಟಕಿ ನನ್ನ ಎಡಕ್ಕಿದೆ, ಬಿಸಿಲು. ಸ್ಟೂಲು ತಿರುಗಿಸಿಕೊಂಡೆ. ಏನೂ ಆಗಲಿಲ್ಲ. ಎರಡು – ಫೋನು ಎಡಗಿವಿಗೆ ಇಡುತ್ತೇನೆ. ಬಲಕ್ಕೆ ಬದಲಾಯಿಸಿದೆ. ಬಲಗಿವಿ ಮಂದ ಎಂದು ಗೊತ್ತಾಯಿತು, ಅಷ್ಟೇ ಲಾಭ. ಮೂರು – ಕೊಳೆ ಸೇರಿಕೊಂಡಿರಬೇಕು. ಸಣ್ಣಗೆ ಸಿಪ್ಪೆ ಏಳುತ್ತಿದೆಯಲ್ಲ, ಅದೇ ಸಾಕ್ಷಿ. ಹಾಗಾಗಿ ದಿನಾ ಬೆಳಿಗ್ಗೆ ಎಡಗೆನ್ನೆಗೆ ಮಾತ್ರ ನೊರೆ ಬರುವ ಫೇಸ್‌ವಾಶ್ ಎರಡು ಸಲ, ಒರಟು ಬಟ್ಟೆಯಲ್ಲಿ ಒಂದು ಸಲ. ಚೆನ್ನಾಗಿ ಉಜ್ಜುತ್ತೇನೆ. ಉಜ್ಜಿದಷ್ಟೂ ಸಿಪ್ಪೆ. ಸಿಪ್ಪೆ ಬಂದಷ್ಟೂ ಉಜ್ಜುತ್ತೇನೆ.

ಲೆನ್ಸ್ ಕತ್ತರಿಸುವವನಿಗೆ ಮಾತ್ರ ಖುಷಿ. ಅವನು ನನಗೆ ಇಟ್ಟ ಹೆಸರು ಪ್ರಾಸಣ್ಣ.

"ಪ್ರಾಸಣ್ಣ, ಒಂದೇ ಕಡೆ ಪಾಲಿಶ್ ಆಗಿದೆಯಲ್ಲ! ಇನ್ನೊಂದು ಕಡೆ ಮುಂದಿನ ತಿಂಗಳಾ?"

"ನೀನು ಲೆನ್ಸ್ ನೋಡು. ನನ್ನ ಮುಖ ನೋಡೋಕೆ ನಿಂಗೆ ಸಂಬಳ ಇಲ್ಲ."

"ಫ್ರೀಯಾಗಿ ನೋಡ್ತಿದೀನಿ ಬಿಡಿ. ನಿಜಕ್ಕೂ ಹೊಳೀತಿದೆ. ಪ್ಲಾಸ್ಟಿಕ್ ಸುತ್ತಿದ ಹಾಗಿದೆ."

ಹೌದು, ಬಿಗಿಯಾಗಿ ಹೊಳೆಯುತ್ತಿದೆ. ಹೊಳಪು ಒಳ್ಳೆಯದೇ ತಾನೇ.

ಜೂನ್ 14, ಶನಿವಾರ – ರಾತ್ರಿ ಊಟಕ್ಕೆ ಮುಂಚೆ

ಅವಳಿಗೆ ಇವತ್ತು ಒಂದು ಪದ್ಯ ಬೇಕಾಗಿತ್ತು. ತಾನಾಗಿ ಕೇಳಿದ್ದು! ಪಾರ್ಲರ್‌ಗೆ ಹೊಸ ಸೇವೆಯಂತೆ – ಮುಖದ ಹಳೆ ಪದರ ತೆಗೆದು ಹೊಳಪು ತರುವುದು.

"ಎರಡು ಸಾಲು ಸಾಕು ರೀ. ನಿಮ್ಮ ಹಾಗೆ ಹೆಚ್ಚು ಕನ್ನಡ ಬೇಡ, ಜನಕ್ಕೆ ಅರ್ಥ ಆಗ್ಬೇಕು."

"ಜನಕ್ಕೆ ಅರ್ಥ ಆಗೋ ಕನ್ನಡಕ್ಕೆ ಬೇರೆ ರೇಟು."

"ರಾತ್ರಿ ಊಟ ಹಾಕ್ತೀನಿ, ಸಾಕಾ?"

ಹಳೆಯ ಪದರಕ್ಕೆ ವಿದಾಯ,
ಹೊಳೆವ ಮುಖಕ್ಕೆ ಉದಯ.

ಓದಿದಳು. ನಕ್ಕಳು. ಮದುವೆಯಾದ ಹೊಸತರಲ್ಲಿ ನಾನು ಬರೆದುಕೊಟ್ಟ ಹದಿನಾರು ಸಾಲಿನ ಪದ್ಯಕ್ಕೆ ಇಷ್ಟು ನಕ್ಕಿರಲಿಲ್ಲ. ಆಮೇಲೆ ಫೋನ್ ತೆಗೆದಳು.

"ಸ್ವಲ್ಪ ಎಡಗಡೆ ತೋರ್ಸಿ. ಹೂಂ... ಈಗ ಬಲಗಡೆ. ಈಗ ನೇರ. ಕಣ್ಣು ಬೇಡ, ಮೂಗಿನ ಕೆಳಗೆ ಸಾಕು."

"ಇದ್ಯಾಕೆ?"

"ಚೆನ್ನಾಗಿ ಕಾಣ್ತಿದ್ದೀರಿ, ಅದಕ್ಕೆ."

ಅವಳು ಕೊನೆಯ ಸಲ ನನ್ನ ಫೋಟೋ ತೆಗೆದದ್ದು ಗುರುತಿನ ಚೀಟಿಗೆ. ನಲವತ್ತಾರರ ಗಂಡಸು ಇದಕ್ಕೆಲ್ಲ ನಾಚಬಾರದು. ನಾಚಿದೆ. ನಾಚಿದಾಗ ಎಡಗಡೆ ಇನ್ನಷ್ಟು ಉರಿಯಿತು. ಅದೂ ಒಂದು ಸುಖವೇ ಅನ್ನಿಸಿತು. ಮೂರ್ಖ.

ಜೂನ್ 20, ಶುಕ್ರವಾರ

ಟೀ ಲೋಟದ ಹಬೆ ತಾಗಿದರೂ ಉರಿ. ಆಕಳಿಸಿದರೆ ಚರ್ಮ ಬಿರಿಯುವ ಹಾಗೆ. ಕೊಬ್ಬರಿ ಎಣ್ಣೆ ಹಚ್ಚಿದೆ, ಉರಿ. ಏನೂ ಹಚ್ಚದಿದ್ದರೂ ಉರಿ.

ಪ್ರಾಸ ಇಲ್ಲ.

ಜೂನ್ 27, ಶುಕ್ರವಾರ – ಮಧ್ಯಾಹ್ನ 1.15

ಚರ್ಮದ ಡಾಕ್ಟರ್ ಒಬ್ಬರು ಗಿರಾಕಿಯಾಗಿ ಬಂದಿದ್ದರು. ಕನ್ನಡಕ ಮೂಗಿನಿಂದ ಜಾರುತ್ತದೆ ಎಂದು ದೂರು. ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಕಿವಿಯ ಹಿಂದೆ ಬಾಗಿಸಿ, ಅವರ ಎದುರು ಕೂತು ಹಾಕಿಸಿ ನೋಡಿದೆ. ಈ ಕೆಲಸದಲ್ಲಿ ಇಬ್ಬರ ಮುಖದ ನಡುವೆ ಒಂದು ಗೇಣು. ನಾನು ಅವರ ಮೂಗು ನೋಡುತ್ತಿದ್ದೆ. ಅವರು ನನ್ನ ಕೆನ್ನೆ ನೋಡುತ್ತಿದ್ದರು.

"ತಪ್ಪು ತಿಳ್ಕೋಬೇಡಿ. ಮುಖಕ್ಕೆ ಏನು ಹಚ್ತಿದೀರಿ?"

"ಮನೆಯಲ್ಲಿ ಏನೋ ಹಣ್ಣಿನ ಸತ್ವ..."

"ನೀರು ಬಿದ್ರೂ ಉರಿಯುತ್ತಾ?"

"ಹೂಂ."

"ಮಾಮೂಲಿ ಕ್ರೀಮು, ಎಣ್ಣೆ – ಅದೂ ಉರಿಯುತ್ತಾ? ತೊಳೆದ ಮೇಲೆ ಬಿಗಿ? ಸಿಪ್ಪೆ? ಈ ಥರ ಹೊಳಪು?"

"ನೀವು ಡಾಕ್ಟ್ರಾ, ಭವಿಷ್ಯ ಹೇಳೋರಾ?"

ಅವರು ನಗಲಿಲ್ಲ. "ಇದು ಹೊಳಪಲ್ಲ. ಚರ್ಮದ ಮೇಲ್ಪದರ ಒಂದು ಕಾವಲು ಇದ್ದ ಹಾಗೆ. ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನದು ಒಳಗೆ ಬರದ ಹಾಗೆ ನೋಡ್ಕೊಳ್ಳುತ್ತೆ. ಬ್ಯಾರಿಯರ್ ಅಂತೀವಿ. ನಿಮ್ಮದು ಹೋಗಿದೆ. ಆಸಿಡ್ ಲೋಷನ್ ಜಾಸ್ತಿ ಆದಾಗ ಹೀಗಾಗುತ್ತೆ. ಉಜ್ತಿದೀರಾ?"

"...ದಿನಾ."

"ನಿಲ್ಸಿ. ಎಲ್ಲಾ ನಿಲ್ಸಿ. ಅದಾಗೇ ಕಟ್ಕೊಳ್ಳುತ್ತೆ, ವಾರಗಟ್ಲೆ ಬೇಕು. ಉರಿ ಜಾಸ್ತಿ ಆದ್ರೆ, ನೀರು ಒಸರಿದ್ರೆ ಕ್ಲಿನಿಕ್ಕಿಗೆ ಬನ್ನಿ."

"ಎಡಗಡೆ ಮಾತ್ರ ಯಾಕೆ ಡಾಕ್ಟ್ರೇ?"

"ಎಡಗಡೆಗೆ ಮಾತ್ರ ಹಚ್ತಿರ್ಬೇಕು."

"ಇಲ್ಲ, ಎರಡೂ ಕಡೆ ಹಚ್ತಾಳೆ."

"ಯಾರು?"

"ಮನೆಯವಳು."

ಡಾಕ್ಟರ್ ಕನ್ನಡಕ ಸರಿಮಾಡಿಕೊಂಡರು. ಅದು ಜಾರಿರಲಿಲ್ಲ.

ಜುಲೈ 1, ಮಂಗಳವಾರ – ಸಂಜೆ, ಅಂಗಡಿ ಮುಚ್ಚುವ ಮುಂಚೆ

ಮೂರು ದಿನದಿಂದ ಸಂಜೆಯ ಕುರ್ಚಿಗೆ ಏನೇನೋ ನೆಪ. ತಲೆನೋವು, ಮಾಲೀಕರ ಕರೆ, ಹೊಟ್ಟೆ. ಅವಳನ್ನು ನೇರವಾಗಿ ಕೇಳಲು ಬಾಯಿ ಬಂದಿರಲಿಲ್ಲ. ಲೋಷನ್ ಅವಳ ಕೈ ಮೀರಿ ಸ್ಟ್ರಾಂಗ್ ಆಯಿತೇನೋ, ಪಾಪ, ತಿಳಿದರೆ ನೊಂದುಕೊಳ್ಳುತ್ತಾಳೆ ಎಂದು. ನಾನು ಅವಳಿಗೆ ಪಾಪ ಅಂದುಕೊಂಡಿದ್ದೆ.

ಇವತ್ತು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮೇಡಂ ಹೊಸ ಕನ್ನಡಕ ಒಯ್ಯಲು ಬಂದರು.

"ನೀವು ಪಾರ್ಲರ್ ಮೇಡಂ ಯಜಮಾನ್ರಲ್ವಾ? ನಿಮ್ಮ ಮುಖ ನೋಡಿದೀನಿ ನಾನು! ಅಂದ್ರೆ... ಅರ್ಧರ್ಧ."

"ಅರ್ಧರ್ಧ ಅಂದ್ರೆ?"

"ಅದೇ ರೀ, ಫೋನಲ್ಲಿ ತೋರ್ಸಿದ್ರು. 'ನಮ್ಮನೆಯವರ ಮೇಲೇ ಎರಡು ತಿಂಗಳು ಟ್ರಯಲ್ ಮಾಡಿದೀನಿ, ಒಂದು ಕೆನ್ನೆಗೆ ಹೊಸ ಲೋಷನ್ನು, ಇನ್ನೊಂದು ಕೆನ್ನೆಗೆ ಬರೀ ಪನ್ನೀರು, ಎಷ್ಟು ವ್ಯತ್ಯಾಸ ಇದೆ ನೋಡಿ' ಅಂತ. ಏನು ಹೊಳಪು! ಮನೆಯವರ ಮೇಲೇ ಮಾಡಿದ್ದಾರೆ ಅಂದ್ಮೇಲೆ ನಂಬ್ಲೇಬೇಕಲ್ಲ? ಈ ಶನಿವಾರ ನನ್ನ ಮಗಳಿಗೂ ಮಾಡ್ಸೋಕೆ ಹೇಳಿದೀನಿ."

ಹೇಳುತ್ತಲೇ ಹೊಸ ಕನ್ನಡಕ ಹಾಕಿಕೊಂಡರು. ನನ್ನನ್ನು ನೋಡಿದರು. ನಂಬರ್ ಸರಿಯಾಗಿಯೇ ಇತ್ತು, ಎಲ್ಲ ಸ್ಪಷ್ಟವಾಗಿ ಕಂಡಿರಬೇಕು.

"ಶನಿವಾರ ಬೇಡ ಮೇಡಂ," ಎಂದೆ. "ಮಗುವಿನ ಮುಖ."

ಅವರು ತಲೆಯಾಡಿಸಿ ಹೋದರು. ಖಾಲಿ ಡಬ್ಬಿ ಕೌಂಟರ್ ಮೇಲೆಯೇ ಮರೆತರು.

ಪನ್ನೀರು. ಬಲಗೆನ್ನೆಗೆ ಪನ್ನೀರು.

ಅದಕ್ಕೇ ಎರಡು ಹತ್ತಿ. ಎರಡು ಬಾಟಲಿ. ಅದಕ್ಕೇ ಕಣ್ಣು ಮುಚ್ಚಿಕೊಳ್ಳಿ.

ಅದೇ ದಿನ – ಬಸ್ ಸ್ಟಾಪಿನಲ್ಲಿ

ಎರಡು ಬಸ್ ಬಿಟ್ಟೆ. ಉರಿಗೆ ಕೋಪವಿಲ್ಲ. ಚರ್ಮ ಮತ್ತೆ ಬರುತ್ತದೆ ಎಂದಿದ್ದಾರೆ. ಆದರೆ ನಾನು ಅಲ್ಲಿ ಕಣ್ಣು ಮುಚ್ಚಿ ಕೂತು ಏನೇನು ಅಂದುಕೊಂಡಿದ್ದೆ! ಇಷ್ಟು ವರ್ಷದ ಮೇಲೆ ಇವಳಿಗೆ ನಾನು ಮತ್ತೆ ಕಂಡೆ ಎಂದುಕೊಂಡಿದ್ದೆ. ಅಂಗಡಿಯಿಂದ ಬೇಗ ಬರುತ್ತಿದ್ದೆ. ಬರುವ ಮುಂಚೆ ಅಂಗಡಿಯ ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದೆ – ಹತ್ತಿರ ಬಗ್ಗುತ್ತಾಳಲ್ಲ, ಟೀ ವಾಸನೆ ಬರಬಾರದೆಂದು. ಅವಳು ಬಗ್ಗಿ ನೋಡುತ್ತಿದ್ದುದು ಫಲಿತಾಂಶ.

ನನ್ನ ಪದ್ಯ ನನ್ನದೇ ಕೆನ್ನೆಗೆ ಬರೆದ ಜಾಹೀರಾತು. ಅದನ್ನೂ ನಾನೇ ಸಂತೋಷವಾಗಿ ಬರೆದೆ.

ಜುಲೈ 2, ಬುಧವಾರ – ಬೆಳಿಗ್ಗೆ

ನಿನ್ನೆ ಮನೆಗೆ ಹೋದ ಮೇಲೆ ಆದದ್ದು. ಆದ ಹಾಗೇ ಬರೆಯುತ್ತೇನೆ.

ಅವಳು ಬಾಚಣಿಗೆಗಳನ್ನು ತೊಳೆಯುತ್ತಿದ್ದಳು. "ಪನ್ನೀರು ಯಾವ ಬಾಟಲೀಲಿ?" ಎಂದು ಕೇಳಿದೆ. ಕೈ ನಿಂತಿತು. ತಿರುಗಲಿಲ್ಲ.

"ಯಾರು ಹೇಳಿದ್ರು?"

"ಊರೇ ನೋಡಿದೆ ನನ್ನ ಮುಖಾನ. ನಾನೊಬ್ಬ ನೋಡಿರ್ಲಿಲ್ಲ."

"ಗಿರಾಕಿ ಮುಖಕ್ಕೆ ನೋಡ್ದೆ ಹೇಗೆ ಹಚ್ಲಿ? ನನ್ನ ಮುಖಕ್ಕೆ ಹಚ್ಕೊಂಡು ಕೆಂಪಾದ್ರೆ ಪಾರ್ಲರ್‌ಗೆ ಯಾರು ಬರ್ತಾರೆ? ನೀವೇನು... ಮನೆಯವರು ತಾನೇ."

"ಅದನ್ನೇ ಹೇಳ್ಬಹುದಿತ್ತು. ಕೂತ್ಕೊಳ್ಳಿ, ನಿಮ್ಮ ಮೇಲೆ ಒಂದು ಟ್ರಯಲ್ ಮಾಡ್ತೀನಿ ಅಂದಿದ್ರೆ ಬೇಡ ಅಂತಿದ್ನಾ?"

"ಹೇಳಿದ್ರೆ ನೀವು ಬೆಳಿಗ್ಗೆ ಸಂಜೆ ಕನ್ನಡಿ ಮುಂದೆ ನಿಂತು, ಉರೀತು ಗಿರೀತು ಅಂತ ಪದ್ಯ ಕಟ್ತಿದ್ರಿ. ನಿಜ ಯಾವುದು, ಪ್ರಾಸಕ್ಕೆ ಹೇಳಿದ್ದು ಯಾವುದು, ನಂಗೆ ಹೇಗೆ ಗೊತ್ತಾಗ್ಬೇಕು?"

ಒಪ್ಪಿಕೊಳ್ಳಬೇಕು, ಒಳ್ಳೆಯ ಏಟು.

ಆಮೇಲೆ ತಿರುಗಿದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಹೊಳಪು ಬಂತು, ಚೆನ್ನಾಗಿದೆ ಅಂದ್ಕೊಂಡೆ. ಕೆಂಪಗಾದಾಗ್ಲೂ, ಬಿಸಿಲಿಗೆ ಆಗಿರ್ಬೇಕು ಅಂದ್ಕೊಂಡೆ. ನೀವು ಒಂದು ದಿನಾನೂ ಉರಿಯುತ್ತೆ ಅನ್ಲಿಲ್ವಲ್ಲ ರೀ? ಯಾಕೆ ಅನ್ಲಿಲ್ಲ?"

ಯಾಕೆ ಅನ್ನಲಿಲ್ಲ! ಬಾಯಿ ತೆರೆದೆ. ಕಾರಣ ಇತ್ತು. ಆ ಕಾರಣವನ್ನು ಅವಳ ಕೈಗೆ ಕೊಟ್ಟು ಇನ್ನೊಂದು ಸಲ ಮೂರ್ಖನಾಗಲು ಮನಸ್ಸಾಗಲಿಲ್ಲ.

"ಮುಟ್ಬೇಡ ನನ್ನ," ಎಂದೆ. ಅವಳು ಮುಟ್ಟಲು ಬಂದೂ ಇರಲಿಲ್ಲ.

ಜುಲೈ 6, ಭಾನುವಾರ – ಬೆಳಿಗ್ಗೆ 10

ಮಗಳು ರಜೆಗೆ ಬಂದಿದ್ದಾಳೆ. ಕಾಲೇಜು, ಹಾಸ್ಟೆಲ್ಲು, ಫೋನಿನ ತುಂಬ ಕೊರಿಯನ್ ಸೀರಿಯಲ್ಲು. ಬಂದವಳು ಚೀಲ ಇಡುವ ಮೊದಲೇ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅಪ್ಪಾ! ಬ್ಯಾರಿಯರ್ ಪೂರ್ತಿ ಹೋಗಿದೆ!"

"ಡಾಕ್ಟ್ರೂ ಅದೇ ಅಂದ್ರು. ನೀನ್ಯಾವಾಗ ಓದಿದೆ?"

"ನಾನೂ ಹೋದ ವರ್ಷ ಹಾಳು ಮಾಡ್ಕೊಂಡಿದ್ದೆ. ಹಾಸ್ಟೆಲ್ಲಲ್ಲಿ ಅರ್ಧ ಜನ ಮಾಡ್ಕೊಂಡಿದ್ರು. ಕೂತ್ಕೋ ಇಲ್ಲಿ."

ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಪಾಠ ಶುರು. ಚರ್ಮದ ಕಣಗಳು ಇಟ್ಟಿಗೆಯಂತೆ. ನಡುವಿನ ಜಿಡ್ಡು ಗಾರೆಯಂತೆ. ಆಸಿಡ್ಡೂ ನನ್ನ ಒರಟು ಬಟ್ಟೆಯೂ ಸೇರಿ ಗಾರೆ ಕೆರೆದುಹಾಕಿವೆ. ಈಗ ಗೋಡೆಗೆ ಬಣ್ಣ ಹೊಡೆಯುವ ಹೊತ್ತಲ್ಲ, ಗಾರೆ ಮೆತ್ತುವ ಹೊತ್ತು. ಕೊರಿಯಾದವರ ಗುಟ್ಟು ಅಂದರೆ ಅವಸರ ಮಾಡದಿರುವುದು ಎಂದಳು. ಮಾಡಬೇಕಾದ್ದಕ್ಕಿಂತ ಬಿಡಬೇಕಾದ್ದೇ ಹೆಚ್ಚು. ನೊರೆಯ ಫೇಸ್‌ವಾಶ್ ಬಿಡು. ಬಿಸಿನೀರು ಬಿಡು. ಉಜ್ಜುವುದನ್ನಂತೂ ಮರೆತೇಬಿಡು.

"ಬೆಳಿಗ್ಗೆ ಬರೀ ನೀರು. ಸಂಜೆ ಈ ಸೌಮ್ಯವಾದ ಕ್ಲೆನ್ಸರ್. ಒರೆಸ್ಬಾರ್ದು ಅಪ್ಪ, ಒತ್ಬೇಕು. ಮುಖ ಇನ್ನೂ ಹಸಿ ಇರುವಾಗ್ಲೇ ಈ ನೀರಿನಂಥದ್ದು ತೆಳ್ಳಗೆ, ಅದರ ಮೇಲೆ ಕ್ರೀಮು. ಬೆರಳಲ್ಲಿ ತಟ್ಟು – ಉಜ್ತಿದೀಯ ನೋಡು ಮತ್ತೆ! ಮಗುವಿನ ಬೆನ್ನು ತಟ್ಟೋ ಹಾಗೆ."

"ಇದರಲ್ಲಿ ಏನಿದೆ?"

"ಸಿಕಾ. ಒಂದೆಲಗ."

"ಒಂದೆಲಗನಾ? ಅದನ್ನ ಕೊರಿಯಾಗೆ ಕಳಿಸಿ ವಾಪಸ್ ತರಿಸ್ಕೊಂಡ್ವಾ?"

"ಕ್ರೀಮಲ್ಲಿ ಸೆರಮೈಡ್. ಅದೇ ಗಾರೆ. ಇನ್ನೊಂದಿದೆ, ಬಸವನಹುಳದ ಲೋಳೆ..."

"ಅದು ನಿನ್ನ ಹತ್ರಾನೇ ಇರ್ಲಿ."

ನಕ್ಕಳು. ನನಗೂ ನಗು ಬಂತು, ಎಡಗಡೆ ಬಿಗಿದುಕೊಂಡಿತು. ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಒಂದು ದಿನ ಕಾಯಬೇಕಂತೆ, ಉರಿಯದಿದ್ದರೆ ಮಾತ್ರ ಮುಖಕ್ಕೆ. "ಯಾವುದನ್ನೇ ಆಗ್ಲಿ ಮೊದ್ಲು ಕಿವಿ ಹಿಂದೆ. ಯಾರಾದ್ರೂ ಸೀದಾ ಮುಖಕ್ಕೆ ಹಚ್ತಾರಾ ಅಪ್ಪ?" ಎಂದಳು, ಜೋರಾಗಿ. ಬಾಗಿಲ ಬಳಿ ಅವಳಮ್ಮ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಒಳಗೆ ಬರಲಿಲ್ಲ.

ಜುಲೈ 13, ಭಾನುವಾರ

ಇಟ್ಟಿಗೆಗೆ ಇಟ್ಟಿಗೆ, ನಡುವೆ ಗಾರೆ;
ಮುಟ್ಟದಿದ್ದರೆ ಕೆನ್ನೆ, ಮತ್ತೆ ನೇರೆ.

'ನೇರೆ' ಎಂದು ಯಾರೂ ಅನ್ನುವುದಿಲ್ಲ. ಪ್ರಾಸಕ್ಕೆ ಎಳೆದದ್ದು. ಆದರೂ ಒಂದು ಪದ್ಯ ಬಂತು. ನೀರು ಬಿದ್ದರೆ ಉರಿ ಕಮ್ಮಿ. ಬಿಸಿಲಿಗೆ ಹೋಗುವ ಮುಂಚೆ ಸನ್‌ಸ್ಕ್ರೀನ್, ಅದೂ ಮಗಳ ಅಪ್ಪಣೆ. ಲೆನ್ಸ್‌ನವನು ನನ್ನನ್ನು ಈಗ ಹೀರೋ ಎಂದು ಕರೆಯುತ್ತಾನೆ.

ಹೋದ ವಾರದ ಶನಿವಾರ ಬ್ಯಾಂಕಿನ ಮೇಡಂ ಬರಲಿಲ್ಲ. ಅವರ ಜೊತೆ ಬರಬೇಕಿದ್ದವರೂ ಬರಲಿಲ್ಲ. ನನ್ನ ಹೆಂಡತಿ ಲೋಷನ್ ಬಾಟಲಿಗಳನ್ನೆಲ್ಲ ಕಸಕ್ಕೆ ಹಾಕಿದಳು. ಸದ್ದು ಕೇಳಿಸಿತು. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅವಳಾಗೇ ಹಾಕಿದ್ದೋ, ಗಿರಾಕಿ ಬರದಿದ್ದಕ್ಕೆ ಹಾಕಿದ್ದೋ?

ಇದೇ ಈಗ ನನ್ನ ರೋಗ. ಅವಳು ತಟ್ಟೆಗೆ ಎರಡನೇ ಸಲ ಬಡಿಸಿದರೂ, ಇದು ಯಾವುದರ ಟ್ರಯಲ್ ಎಂದು ನೋಡುತ್ತೇನೆ.

ಆಗಸ್ಟ್ 3, ಭಾನುವಾರ – ಸಂಜೆ

ಬಹಳ ದಿನ ಬರೆದಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಮನೆಯಲ್ಲಿ ಮಾತು ಅಂದರೆ 'ಊಟ ಆಗಿದೆ', 'ಕರೆಂಟ್ ಹೋಗಿದೆ', 'ಬೀಗ ಹಾಕಿದೀನಿ'. ಮೂರಕ್ಕೂ ಉತ್ತರ ಬೇಕಿಲ್ಲ.

ಮಗಳು ಬೆಳಿಗ್ಗೆ ಹಾಸ್ಟೆಲ್ಲಿಗೆ ಹೊರಟಳು. ಹೋಗುವಾಗ ಬಾಟಲಿಗಳನ್ನು ನನ್ನ ಕೈಗೆ ಕೊಡಲಿಲ್ಲ, ಅಮ್ಮನ ಕೈಗೆ ಕೊಟ್ಟಳು. "ಅಪ್ಪ ಉಜ್ಜಿಬಿಡ್ತಾನೆ ಅಮ್ಮಾ. ನೀನೇ ಹಚ್ಚು." ಮಕ್ಕಳು ಎಷ್ಟು ತಿಳಿದು ಮಾತಾಡುತ್ತಾರೋ, ಎಷ್ಟು ತಿಳಿಯದೆಯೋ.

ಸಂಜೆ ಅವಳು ಬಂದಳು. ಕುರ್ಚಿಗೆ ಕರೆಯಲಿಲ್ಲ. ನಾನು ಕೂತಿದ್ದ ಮಂಚದ ಅಂಚಿಗೆ ಬಂದು ನಿಂತಳು. ಬಾಟಲಿಯ ಹಿಂದಿನ ಸಣ್ಣ ಅಕ್ಷರವನ್ನೆಲ್ಲ ದೂರ ಹಿಡಿದು, ತಡವರಿಸಿ, ಜೋರಾಗಿ ಓದಿದಳು. ಚಾಳೀಸು ಬಂದಿದೆ ಅವಳಿಗೆ. ಕನ್ನಡಕದಂಗಡಿಯವನ ಹೆಂಡತಿ, ನಾನು ಗಮನಿಸಿಯೇ ಇರಲಿಲ್ಲ.

"ಎರಡೂ ಕೆನ್ನೆಗೆ ಇದೊಂದೇ. ನೋಡ್ಕೊಳ್ಳಿ. ಮೊದ್ಲು ನನ್ನ ಕೈಗೆ ಹಚ್ಕೊಂಡಿದೀನಿ."

"ನಾನೇ ಹಚ್ಕೊಳ್ತೀನಿ, ಇಟ್ಟು ಹೋಗು."

"ಕಣ್ಣು ಮುಚ್ಬೇಡಿ," ಎಂದಳು. "ಬಿಟ್ಕೊಂಡೇ ಇರಿ. ನಾನು ಏನು ಮಾಡ್ತೀನಿ ನೋಡ್ತಾ ಇರಿ."

ನೋಡುತ್ತಲೇ ಇದ್ದೆ. ಪೊಲೀಸರ ಹಾಗೆ ನೋಡಿದೆ. ಬೆರಳ ತುದಿಯಿಂದ ತಟ್ಟಿದಳು, ಎಡಕ್ಕೂ ಬಲಕ್ಕೂ. ಒಂದೊಂದು ಸಲ ತಟ್ಟುವ ಮುಂಚೆಯೂ ಅವಳ ಬೆರಳು ಹಿಂಜರಿಯುತ್ತಿತ್ತು. ಇಷ್ಟು ಜನರ ಮುಖ ತಿದ್ದಿದ ಕೈ.

"ಉರಿಯುತ್ತಾ?"

"ಹೂಂ. ಸ್ವಲ್ಪ."

ನಿಜವಾಗಿಯೂ ಸ್ವಲ್ಪ ಉರಿಯುತ್ತಿತ್ತು.

ಆಗಸ್ಟ್ 10, ಭಾನುವಾರ

ನಿನ್ನೆ ಡಾಕ್ಟರ್ ಅಂಗಡಿಗೆ ಬಂದಿದ್ದರು, ತಾಯಿಗೆ ಫ್ರೇಮ್ ಆರಿಸಲು. ನನ್ನ ಕೆನ್ನೆ ನೋಡಿ ಹೆಬ್ಬೆರಳು ಎತ್ತಿದರು. "ಯಾರು ನೋಡ್ಕೊಂಡ್ರು?" ಎಂದರು. "ಮನೆಯವಳು," ಎಂದೆ. ಈ ಸಲವೂ ಅವರು ಕನ್ನಡಕ ಸರಿಮಾಡಿಕೊಂಡರು.

ಸಂಜೆ ಮಂಚದ ಅಂಚು. ಕ್ರೀಮು. "ಉರಿಯುತ್ತಾ?" ಎಂದು ಕೇಳಿದಳು. ಇನ್ನೂ ಇದೆ ಎಂದೆ.

ಆಗಸ್ಟ್ 23, ಶನಿವಾರ – ಸಂಜೆ 8

"ಇನ್ನೂ ಉರಿಯುತ್ತಾ ರೀ? ನಂಗೆ ಕೆಂಪು ಕಾಣ್ತಿಲ್ಲ."

"ಒಳಗೆ."

ಒಳಗೆ! ಎಂಥ ಉತ್ತರ. ನಾಟಕದವರೂ ನಾಚಬೇಕು.

ಅವಳು ಕ್ರೀಮಿನ ಮುಚ್ಚಳ ತಿರುಗಿಸುತ್ತಾ ಕೂತಳು. ಇತ್ತೀಚೆಗೆ ಪಾರ್ಲರ್‌ನಲ್ಲಿ ಬರೀ ಕೂದಲು ಕತ್ತರಿಸುತ್ತಾಳೆ. ಮುಖದ ಕೆಲಸ ಕೇಳಿ ಬಂದವರನ್ನು ಬೇರೆ ಕಡೆ ಕಳಿಸುತ್ತಾಳೆ. ಹೋದ ವಾರ ಒಬ್ಬ ಹುಡುಗಿಗೆ ಹುಬ್ಬು ತೀಡಲು ಹೋಗಿ ದಾರ ಕೈಬಿಟ್ಟಳಂತೆ. "ಕೈಗೆ ಧೈರ್ಯ ಬರ್ತಿಲ್ಲ," ಎಂದಳು. "ಮನೆಯವರದ್ದೇ ಇಷ್ಟು ದಿನ ಆದ್ರೂ ವಾಸಿ ಆಗ್ತಿಲ್ಲ. ಬೇರೆಯವರ ಮುಖ ಹೇಗೆ ಮುಟ್ಲಿ?"

ಆಗಬೇಕಾದ್ದೇ ಎಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ನನ್ನ ಎರಡು ತಿಂಗಳಿಗೆ ಅವಳ ಎರಡು ತಿಂಗಳು. ಆಮೇಲೆ ಅವಳು ಎದ್ದು ಹೋದಳು, ಕೆನ್ನೆಯ ಮೇಲೆ ಕ್ರೀಮು ಹಸಿಯಾಗಿ ಉಳಿಯಿತು. ಬಹಳ ಹೊತ್ತು ಕೈಯಿಟ್ಟು ನೋಡಲಿಲ್ಲ, ಅಳಿಸೀತೆಂದು.

ಸೆಪ್ಟೆಂಬರ್ 1, ಸೋಮವಾರ – ಸಂಜೆ 7.20

ಮಾನ್ಯ ಅಧ್ಯಕ್ಷರೇ, ಗಣ್ಯರೇ, ಕಾಫಿಗಾಗಿ ಇನ್ನೂ ಕಾದಿರುವ ಮಹಾಜನಗಳೇ, ಈಗ ವಂದನಾರ್ಪಣೆ. ಮೊದಲಿಗೆ ಒಂದೆಲಗಕ್ಕೆ, ಅದನ್ನು ಸಮುದ್ರ ದಾಟಿಸಿ ತಂದುಕೊಟ್ಟ ಕೊರಿಯಾದವರಿಗೆ, ಉಜ್ಜದಿರಲು ಕಲಿಸಿದ ನನ್ನ ಮಗಳಿಗೆ...

ಆಗುತ್ತಿಲ್ಲ.

ಮಧ್ಯಾಹ್ನ ಇಬ್ಬರು ಬಂದು ಪಾರ್ಲರ್ ಕುರ್ಚಿ ನೋಡಿಕೊಂಡು ಹೋದರಂತೆ. ನಾಳೆ ಗಾಡಿ ತರುತ್ತಾರಂತೆ. ಕನ್ನಡಿ, ಟ್ರಾಲಿ, ಎಲ್ಲ. ನನ್ನನ್ನು ಕೇಳಲಿಲ್ಲ. ಅಂಗಡಿಯಿಂದ ಬಂದ ಕೂಡಲೇ 'ಕರೆಂಟ್ ಹೋಗಿದೆ' ಅನ್ನುವ ಹಾಗೆ ಹೇಳಿದಳು. "ನಿಮ್ಮ ಮುಖ ಸರಿ ಹೋಗೋವರೆಗೂ ನಂಗೆ ಆಗಲ್ಲ ರೀ. ಸರಿ ಹೋಗಲ್ವೇನೋ. ನಾನೇ ಹಾಳು ಮಾಡ್ದೆ."

ಯಾವ ಸಭೆಯೂ ಇಲ್ಲ ಇಲ್ಲಿ. ಯಾರೂ ಕೇಳುತ್ತಿಲ್ಲ. ಒಂದು ಕೋಣೆ, ನಾನೊಬ್ಬ.

ಉರಿ ಇಲ್ಲ. ಉರಿ ನಿಂತು ವಾರಗಳಾದವು. ಆಗಸ್ಟ್ ಹತ್ತಕ್ಕೇ ಇರಲಿಲ್ಲ. ಬಿಸಿನೀರು ಸುರಿದುಕೊಂಡು ನೋಡಿದ್ದೇನೆ, ಕ್ಷೌರ ಮಾಡಿ ನೋಡಿದ್ದೇನೆ, ಎಡ–ಬಲ ಎರಡೂ ಒಂದೇ. ಉರಿಯುತ್ತದೆ ಎಂದರೆ ಅವಳು ಬರುತ್ತಾಳೆ. ವಾಸಿಯಾಯಿತು ಎಂದರೆ ಮುಚ್ಚಳ ಹಾಕಿ ಎದ್ದು ಹೋಗುತ್ತಾಳೆ, ಆಮೇಲೆ ನನಗೆ ಜ್ವರ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವಳನ್ನು ಕ್ಷಮಿಸಿಲ್ಲ. ಕ್ಷಮಿಸದೆಯೇ ದಿನಾ ಸಂಜೆ ಕೆನ್ನೆ ಕೊಟ್ಟು ಕೂತಿದ್ದೇನೆ, ಅವಳ ಕೈ ಹಿಂಜರಿಯುವುದನ್ನು ನೋಡುತ್ತಾ, ಸುಳ್ಳು ಹೇಳುತ್ತಾ.

ಬಚ್ಚಲಲ್ಲಿ ಕೈ ತೊಳೆಯುತ್ತಿದ್ದಾಳೆ. ನಲ್ಲಿ ನಿಂತಿತು. ಕೇಳುತ್ತಾಳೆ. ಕೇಳಿದ ಕೂಡಲೇ ಉರಿ ಇಲ್ಲ ಎನ್ನಬೇಕು, ಕುರ್ಚಿ ಕೊಡಬೇಡ ಎನ್ನಬೇಕು, ಮೊದಲು ಯಾವುದನ್ನು –